ಹತ್ತದ ಒಲೆಗೆ ಎಣ್ಣೆ ಸುರಿಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮನೆವಾರ್ತೆ ಪುಟದಲ್ಲಿ ಕಳೆದ ವಾರ ಒಂದು ಸಲಹೆ ಓದಿದೆ. ಸೌದೆ ಒಲೆ ಹತ್ತಲು ಸತಾಯಿಸಿದರೆ ಸ್ವಲ್ಪ ಸೀಮೆಎಣ್ಣೆ ಚಿಮುಕಿಸಿ ಎಂದು ಅದರಲ್ಲಿತ್ತು. ದಯವಿಟ್ಟು ಆ ಸಲಹೆಯನ್ನು ಹಿಂದಕ್ಕೆ ಪಡೆಯಿರಿ. ನಾನು ಬಡಗಿ. ಮರ ಕೊಯ್ಯುವುದು, ಉಜ್ಜುವುದು, ಉಳಿದ ಚೂರನ್ನು ಒಲೆಗೆ ಹಾಕುವುದು ನನ್ನ ದಿನದ ಕೆಲಸ. ಒಲೆ ಹೊತ್ತಿಸಲು ಚಕ್ಕೆ, ಹೊಟ್ಟು ಕೊಡಿ ಎಂದು ಕೇಳಿಕೊಂಡು ಬರುವವರೂ ಜಾಸ್ತಿ. ಇದನ್ನು ಓದಿ ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ.

ತಣ್ಣಗಿರುವ ಸೌದೆಗೆ ನಾಲ್ಕು ಹನಿ ಹಾಕಿ ಕಡ್ಡಿ ಗೀರಿದರೆ ಏನೂ ಆಗದೆ ಇರಬಹುದು. ಅನಾಹುತ ಆಗುವುದು ಆಗ ಅಲ್ಲ. ಒಲೆ ಒಮ್ಮೆ ಹತ್ತಿ, ಆರಿ, ಬರೀ ಹೊಗೆ ಬರುತ್ತಿರುತ್ತದೆ ನೋಡಿ, ಆಗ. ಉರಿ ಕಾಣುವುದಿಲ್ಲ. ಬೂದಿಯ ಕೆಳಗೆ ಕೆಂಡ ಇದ್ದೇ ಇರುತ್ತದೆ. ಬೇಸತ್ತವರು ಕ್ಯಾನನ್ನೇ ಎತ್ತಿ ಇನ್ನಷ್ಟು ಸುರಿಯುತ್ತಾರೆ. ಸೀಮೆಎಣ್ಣೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸಾಕು, ಅದರ ಆವಿಗೆ ಬೆಂಕಿ ಹತ್ತುತ್ತದೆ. ಕೆಂಡದ ಬಿಸಿ ನೂರಾರು ಡಿಗ್ರಿ. ಎಣ್ಣೆ ಬಿದ್ದ ಕೂಡಲೇ ಆವಿಯಾಗಿ ಒಲೆಯ ಒಳಗೆಲ್ಲ ತುಂಬುತ್ತದೆ. ಆಮೇಲೆ ಅಷ್ಟೂ ಆವಿ ಒಂದೇ ಸಲ ಭಗ್ಗನೆ ಹತ್ತುತ್ತದೆ. ಸುರಿಯುತ್ತಿರುವ ಧಾರೆ ಹಿಡಿದು ಉರಿ ಕ್ಯಾನಿನ ಬಾಯಿಗೇ ಬರಬಹುದು. ಒಲೆಯ ಮುಂದೆ ಬಗ್ಗಿದವರ ಮುಖ, ಕೂದಲು, ಬಟ್ಟೆ ಎಲ್ಲ ಅಲ್ಲೇ ಇರುತ್ತದೆ, ಅಲ್ವಾ?

ಪೆಟ್ರೋಲ್ ಇನ್ನೂ ಕೆಟ್ಟದ್ದು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರ ಆವಿಗೆ ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ದೂರದಲ್ಲಿರುವ ಬೆಂಕಿಯನ್ನೂ ಮುಟ್ಟುತ್ತದೆ. ನನ್ನ ಕೆಲಸದ ಕೋಣೆಯಲ್ಲಿ ಬಣ್ಣ ತೆಳು ಮಾಡುವ ಥಿನ್ನರ್, ಟರ್ಪಂಟೈನ್ ಎಲ್ಲ ಇವೆ. ಒಂದನ್ನೂ ಒಲೆ ಇರುವ ಕೋಣೆಗೆ ತರಲು ನಾನು ಬಿಡುವುದಿಲ್ಲ.

ಹಾಗಾದರೆ ಒಲೆಗೆ ಏನು ಹಾಕಬೇಕು? ಮೇಣದಲ್ಲಿ ಕಲಸಿದ ಮರದ ಹೊಟ್ಟು. ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಸೌದೆ ನೇರವಾಗಿ ಉರಿಯುವುದಿಲ್ಲ. ಅದರ ಬಿಸಿ 250ರಿಂದ 300 ಡಿಗ್ರಿಗೆ ಏರಿದಾಗ ಮರದಿಂದ ಅನಿಲ ಹೊರಡುತ್ತದೆ. ನಮಗೆ ಜ್ವಾಲೆಯಾಗಿ ಕಾಣುವುದು ಆ ಅನಿಲ. ಕಾಗದ ಬೇಗ ಉರಿದು ಬೂದಿಯಾಗುತ್ತದೆ. ಅಷ್ಟರಲ್ಲಿ ದಪ್ಪ ತುಂಡು ಬೆಚ್ಚಗೂ ಆಗಿರುವುದಿಲ್ಲ. ಮೇಣ ಹಾಗಲ್ಲ. ಅದು ಕರಗಿ, ಹೊಟ್ಟಿನೊಳಗೆ ಏರಿ, ಸ್ವಲ್ಪ ಸ್ವಲ್ಪವೇ ಆವಿಯಾಗಿ ಉರಿಯುತ್ತದೆ. ಹೊಟ್ಟು ಅಲ್ಲಿ ಬತ್ತಿಯ ಕೆಲಸ ಮಾಡುತ್ತದೆ. ಬೆಂಕಿಪೊಟ್ಟಣದಷ್ಟು ದೊಡ್ಡ ತುಂಡು ಹಲವು ನಿಮಿಷ ಒಂದೇ ಜಾಗದಲ್ಲಿ ಉರಿಯುತ್ತಾ ನಿಲ್ಲುತ್ತದೆ. ಪುಳ್ಳೆಗೆ ಬೇಕಾದದ್ದು ಅದೇ.

ಮಾಡುವುದು ಕಷ್ಟವಿಲ್ಲ. ಉಳಿದ ಮೇಣದಬತ್ತಿ ಚೂರುಗಳನ್ನು ಒಂದು ಹಳೆಯ ಡಬ್ಬಕ್ಕೆ ಹಾಕಿ. ಆ ಡಬ್ಬವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಮೇಣ 60 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಅದಕ್ಕೆ ನೀರಿನ ಬಿಸಿ ಸಾಕು. ನೇರವಾಗಿ ಉರಿಯ ಮೇಲೆ ಇಡಲೇಬಾರದು. ಮೇಣ ಮಿತಿಮೀರಿ ಕಾದರೆ ಅದಕ್ಕೇ ಬೆಂಕಿ ಹತ್ತುತ್ತದೆ. ಹಾಗೇನಾದರೂ ಹತ್ತಿದರೆ ನೀರು ಎರಚಬೇಡಿ, ಉರಿಯುವ ಮೇಣ ನಾಲ್ಕೂ ಕಡೆ ಸಿಡಿಯುತ್ತದೆ. ಮುಚ್ಚಳ ಮುಚ್ಚಿ ಉರಿ ಆರಿಸಿ. ಕರಗಿದ ಮೇಣಕ್ಕೆ ಒಣ ಹೊಟ್ಟು ಕಲಸಿ, ರಟ್ಟಿನ ಮೊಟ್ಟೆ ಟ್ರೇಯ ಗುಂಡಿಗಳಿಗೆ ಒತ್ತಿ ತುಂಬಿ. ಪ್ಲಾಸ್ಟಿಕ್ ಟ್ರೇ, ಥರ್ಮಾಕೋಲ್ ಟ್ರೇ ಬೇಡ. ಗಟ್ಟಿಯಾದ ಮೇಲೆ ಒಂದೊಂದಾಗಿ ಹರಿದಿಟ್ಟುಕೊಳ್ಳಿ. ಮೇಣ ಇಲ್ಲದ ಬರೀ ಹೊಟ್ಟನ್ನು ಹಿಡಿಯಲ್ಲಿ ತೆಗೆದು ಉರಿಗೆ ಎರಚುವವರಿದ್ದಾರೆ. ಅದು ಬಹಳ ಅಪಾಯ. ನುಣ್ಣನೆಯ ಹೊಟ್ಟು ಗಾಳಿಯಲ್ಲಿ ಹರಡಿದಾಗ ಒಮ್ಮೆಲೇ ಹತ್ತಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಗುವ ಮೇಣದ ತುಂಡುಗಳೂ ಒಳ್ಳೆಯವೇ. ಒಲೆ ಹೊತ್ತಿಸುವ ಬಿಳಿ ಗಟ್ಟಿಗಳೂ ಸಿಗುತ್ತವೆ, ಅವುಗಳಿಗೆ ಸೀಮೆಎಣ್ಣೆ ಹೀರಿಸಿರುತ್ತಾರೆ, ವಾಸನೆಯಿಂದಲೇ ಗೊತ್ತಾಗುತ್ತದೆ. ಕ್ಯಾನಿನಿಂದ ಸುರಿಯುವುದಕ್ಕೆ ಹೋಲಿಸಿದರೆ ಇವು ಎಷ್ಟೋ ಮೇಲು. ಆದರೂ ಕೆಂಡದ ಮೇಲೆ ಎಸೆಯಬಾರದು. ಪೂರ್ತಿ ಉರಿದು ಮುಗಿಯುವ ತನಕ ಆ ಬೆಂಕಿಯ ಮೇಲೆ ಏನನ್ನೂ ಸುಡಬಾರದು. ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು.

ನಿಮ್ಮ ಪತ್ರಿಕೆಯ ಹಳೆಯ ಹಾಳೆಯೂ ನಡೆಯುತ್ತದೆ. ಮಡಚಿ ಒತ್ತಿ ಇಟ್ಟರೆ ಗಾಳಿ ಆಡುವುದಿಲ್ಲ, ಸಡಿಲವಾಗಿ ಮುದುಡಿ ಇಡಬೇಕು. ಹೊಳಪಿನ ಪುಟಗಳು ಬೇಡ. ಅವುಗಳ ಮೇಲೆ ಸಾಮಾನ್ಯವಾಗಿ ಬಿಳಿ ಮಣ್ಣಿನ ಲೇಪ ಇರುತ್ತದೆ. ಬೂದಿ ಜಾಸ್ತಿ, ಉರಿ ಕಮ್ಮಿ.

ನನ್ನ ಹತ್ತಿರ ಚೂರು ಕೇಳಲು ಬಂದವರಿಗೆ ನಾನು ಎಲ್ಲವನ್ನೂ ಕೊಡುವುದಿಲ್ಲ. ಇದರಿಂದ ಕೆಲವರಿಗೆ ಬೇಸರವೂ ಆಗುತ್ತದೆ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಅವುಗಳ ಹೊಟ್ಟು ಕೊಡುವುದಿಲ್ಲ, ಅವುಗಳಲ್ಲಿ ಅಂಟು ಇರುತ್ತದೆ. ಬಣ್ಣ ಬಳಿದ ಹಳೆಯ ಬಾಗಿಲು, ಕಿಟಕಿಯ ತುಂಡು ಕೊಡುವುದಿಲ್ಲ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಗೆದ್ದಲು ಹಿಡಿಯದಂತೆ ರಾಸಾಯನಿಕ ಉಣಿಸಿದ ಮರವನ್ನಂತೂ ಯಾರೂ ಒಲೆಗೆ ಹಾಕಬಾರದು. ಅಂಥ ಕೆಲವು ಮರಗಳಲ್ಲಿ ಕ್ರೋಮಿಯಂ, ತಾಮ್ರದ ಜೊತೆಗೆ ಆರ್ಸೆನಿಕ್ ಇರುತ್ತದೆ. ಸುಟ್ಟರೆ ಆರ್ಸೆನಿಕ್ ನಾಶವಾಗುವುದಿಲ್ಲ. ಹೊಗೆಯಲ್ಲಿ ಸ್ವಲ್ಪ, ಬೂದಿಯಲ್ಲಿ ಸ್ವಲ್ಪ ಉಳಿಯುತ್ತದೆ. ಪ್ಲಾಸ್ಟಿಕ್ ಕವರ್ ಸುತ್ತಿ ಬೆಂಕಿ ಹಚ್ಚುವ ಅಭ್ಯಾಸವನ್ನೂ ಬಿಡಬೇಕು. ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಪೈಪುಗಳಿಗೆ ಬಳಸುವ ಪಿವಿಸಿ ಎಂಬ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ, ಕಣ್ಣು ಗಂಟಲು ಉರಿಸುವ ಅನಿಲ ಬರುತ್ತದೆ, ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಒಂದು ಒಳ್ಳೆಯ ಮೇಣದ ತುಂಡು ಒಲೆಗೆ ಸಾಕು. ಎರಡು, ಮೂರು ಇಟ್ಟರೂ ಹತ್ತುತ್ತಿಲ್ಲ ಎಂದರೆ ನಾಲ್ಕನೆಯದನ್ನು ಇಡಬೇಡಿ. ಸೌದೆಯನ್ನು ನೋಡಿ. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗಿ ಹೋಗುವ ತನಕ ಮರ ನೂರು ಡಿಗ್ರಿಯ ಹತ್ತಿರವೇ ನಿಂತಿರುತ್ತದೆ, ಅನಿಲ ಬಿಡುವ ಬಿಸಿಗೆ ಏರುವುದೇ ಇಲ್ಲ. ಸೌದೆಯಲ್ಲಿ ನೀರು ನೂರಕ್ಕೆ 20ಕ್ಕಿಂತ ಕಮ್ಮಿ ಇರಬೇಕು. ಅದಕ್ಕೆ ಸೀಳಿ, ಮಳೆ ತಾಗದ, ಗಾಳಿ ಆಡುವ ಜಾಗದಲ್ಲಿ ಆರು ತಿಂಗಳಿಂದ ವರ್ಷವೋ ಇನ್ನೂ ಜಾಸ್ತಿಯೋ ಬೇಕು, ಮರದ ಜಾತಿಯ ಮೇಲೆ ಹೋಗುತ್ತದೆ. ಎರಡು ತುಂಡು ಒಂದಕ್ಕೊಂದು ತಾಡಿಸಿ ನೋಡಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಾಗಿದ್ದರೆ ದಪ್ ಅನ್ನುತ್ತದೆ. ಕೊನೆಗಳಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಸಡಿಲವಾಗಿರಬೇಕು. ತೇವ ಅಳೆಯುವ ಮೀಟರ್ ಇದ್ದವರು ಹೊರಮೈಗೆ ಚುಚ್ಚಬೇಡಿ, ತುಂಡನ್ನು ಆಗಲೇ ಸೀಳಿ ಒಳಮೈಗೆ ಚುಚ್ಚಿ.

ಹಸಿ ಸೌದೆ ಸೀಮೆಎಣ್ಣೆಯಿಂದ ಒಣಗುವುದಿಲ್ಲ. ಎಣ್ಣೆ ಉರಿದು ಮುಗಿಯುತ್ತದೆ, ಸೌದೆ ಮತ್ತೆ ಹೊಗೆಯಾಡುತ್ತದೆ. ಜನ ಮತ್ತೆ ಕ್ಯಾನಿಗೆ ಕೈ ಹಾಕುವುದು ಆಗಲೇ.

ಜೋಡಿಸುವ ರೀತಿಯೂ ಮುಖ್ಯ. ಹೊಗೆಕೊಳವೆ ಇರುವ ಮುಚ್ಚಿದ ಕಬ್ಬಿಣದ ಒಲೆಯಲ್ಲಿ ದಪ್ಪ ತುಂಡು ಕೆಳಗೆ, ಅದರ ಮೇಲೆ ಸಣ್ಣವು, ಎಲ್ಲದರ ಮೇಲೆ ಬೆರಳು ದಪ್ಪದ ಸೀಳು, ಅದರ ನಡುವೆ ಮೇಣದ ತುಂಡು ಇಡಿ. ಬೆಂಕಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಸೌದೆಯ ಹೊಗೆ ಮೇಲಿನ ಉರಿಯನ್ನು ದಾಟಿ ಹೋಗುವಾಗ ಅಲ್ಲೇ ಉರಿದುಬಿಡುತ್ತದೆ. ಕೊಳವೆ ತಣ್ಣಗಿದ್ದರೆ ಹೊಗೆ ಕೋಣೆಗೇ ತಿರುಗಬಹುದು. ಮೊದಲು ಒಂದು ಕಾಗದ ಹಚ್ಚಿ ಕೊಳವೆಯ ಬುಡಕ್ಕೆ ಹಿಡಿದರೆ ಗಾಳಿ ಮೇಲಕ್ಕೆ ಎಳೆಯಲು ಶುರುವಾಗುತ್ತದೆ. ದಪ್ಪ ಸೌದೆ ಚೆನ್ನಾಗಿ ಹತ್ತುವ ತನಕ ಗಾಳಿಯ ಕಿಂಡಿ ಪೂರ್ತಿ ತೆರೆದಿರಲಿ. ತೆರೆದ ಒಲೆಯವರಿಗೆ ಈ ಕ್ರಮ ಹೊಂದುವುದಿಲ್ಲ. ಅವರು ಸಣ್ಣ ಪುಳ್ಳೆ ಹತ್ತಿದ ಮೇಲೆ ದಪ್ಪದ್ದನ್ನು ನಿಧಾನವಾಗಿ ಒಳಕ್ಕೆ ನೂಕಿದರೆ ಆಯಿತು.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆ ಹತ್ತುವ ಮೊದಲ ನಿಮಿಷಗಳಲ್ಲಿ ಹೊಗೆ ಬಹಳ. ಆ ಹೊತ್ತನ್ನು ಚುರುಕಾಗಿ ದಾಟಿಸುವುದು ಸಣ್ಣ ವಿಷಯವಲ್ಲ.

ನನ್ನದು ಎರಡು ಕೋರಿಕೆ. ಸರಿಯಾದ ಕ್ರಮವನ್ನು ಒಂದು ಚಿತ್ರದ ಸಮೇತ ಮನೆವಾರ್ತೆ ಪುಟದಲ್ಲಿ ಹಾಕಿ. ಓದಲು ಬಾರದವರೂ ನೋಡಿ ತಿಳಿಯಲಿ. ಇನ್ನು, ಸೀಮೆಎಣ್ಣೆ ಹೀರಿಸಿದ ಆ ಬಿಳಿ ಗಟ್ಟಿಗಳನ್ನು ತಯಾರಿಸುವವರು ಒಳಗೆ ಏನಿದೆ ಎಂಬುದನ್ನೂ, ಕೆಂಡದ ಮೇಲೆ ಹಾಕಬಾರದು ಎಂಬುದನ್ನೂ ಕೊಳ್ಳುವವರ ಭಾಷೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವಂತೆ ನಿಮ್ಮ ಪತ್ರಿಕೆ ಒತ್ತಾಯಿಸಬೇಕು.

ಇಂತಿ,
ಒಬ್ಬ ಬಡಗಿ