ಅಡಿಕೆ ಧಾರಣೆಯ ಕೆಳಗೆ 1930 ಅಚ್ಚಾಗಲಿ

ಮಾನ್ಯ ಸಂಪಾದಕರೇ,

ನಾನು ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಭಾಗದಲ್ಲಿ ಪಿಗ್ಮಿ ಸಂಗ್ರಹ ಮಾಡುವವನು. ಪೇಟೆಯ ಅಂಗಡಿಗಳನ್ನು ಮುಗಿಸಿ ಒಳಗಿನ ತೋಟದ ಮನೆಗಳಿಗೂ ಹೋಗುತ್ತೇನೆ. ಆ ಮನೆಗಳಲ್ಲಿ ಈಗ ಹೆಚ್ಚಾಗಿ ವಯಸ್ಸಾದವರೇ ಇರುವುದು. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ತೆರಿಗೆ ಅಧಿಕಾರಿ ಎಂದು ಹೇಳಿಕೊಂಡು ಫೋನ್ ಮಾಡುವ ಕಳ್ಳರು ಇಂಥವರನ್ನೇ ಹುಡುಕಿ ಹಿಡಿಯುತ್ತಿದ್ದಾರೆ. ನಮ್ಮ ಕಡೆ ನಡೆದದ್ದನ್ನು ಹೇಳಿ, ನಿಮ್ಮಲ್ಲಿ ಒಂದು ಸಹಾಯ ಕೇಳಲು ಈ ಪತ್ರ.

ನನ್ನಲ್ಲಿ ಪಿಗ್ಮಿ ಕಟ್ಟುವವರಲ್ಲಿ ಒಬ್ಬರು ಎಪ್ಪತ್ತು ದಾಟಿದವರು. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಂಡಿದ್ದಾರೆ. ನಾನು ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. ಅವರಿಗೆ ಒಂದು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ವಿಡಿಯೊ ಕರೆ ಬಂತು. ಕೋಟು ಹಾಕಿದ ಒಬ್ಬ ಕೂತಿದ್ದ. ಹಿಂದಿನ ಗೋಡೆಯಲ್ಲಿ ಸಿಂಹದ ಲಾಂಛನ. ಇನ್‌ಕಂ ಟ್ಯಾಕ್ಸ್ ಆಫೀಸಿನಿಂದ ಎಂದ. ಅವರ ಪೂರ್ತಿ ಹೆಸರು ಹೇಳಿದ, ಪ್ಯಾನ್ ನಂಬರ್ ಕೂಡ ಹೇಳಿದ. ಅಡಿಕೆ ಮಾರಿದ ಹಣ ಬ್ಯಾಂಕಿನಲ್ಲಿದೆ, ತೆರಿಗೆ ಕಟ್ಟಿಲ್ಲ, ವಾರಂಟ್ ಆಗಿದೆ, ಸಂಜೆಯೊಳಗೆ ಪೊಲೀಸರು ಮನೆಗೆ ಬರುತ್ತಾರೆ ಎಂದ. ಆಮೇಲೆ ಯೂನಿಫಾರ್ಮ್ ಹಾಕಿದ ಇನ್ನೊಬ್ಬ ಬಂದು ಜೋರು ಮಾಡಿದ. ಮೊದಲಿನವ ಸಮಾಧಾನ ಹೇಳಿದ. ‘ನಿಮ್ಮ ವಯಸ್ಸು ನೋಡಿ ಸಹಾಯ ಮಾಡುತ್ತಿದ್ದೇನೆ ಅಮ್ಮ. ಹಣವನ್ನು ಸರ್ಕಾರದ ಖಾತೆಗೆ ಹಾಕಿ, ಪರಿಶೀಲನೆ ಮುಗಿದ ಮೇಲೆ ವಾಪಸ್ ಬರುತ್ತದೆ. ಕರೆ ಕಟ್ ಮಾಡಬೇಡಿ. ಮಗನಿಗೆ ಹೇಳಿದರೆ ಅವನ ಮೇಲೂ ಕೇಸು.’

ಆ ಕೊನೆಯ ಮಾತಿಗೆ ಅವರು ಬಾಯಿ ಮುಚ್ಚಿಕೊಂಡರು. ರಿಕ್ಷಾ ಹಿಡಿದು ಬ್ಯಾಂಕಿಗೆ ಹೋದರು. ಚೀಲದೊಳಗೆ ಫೋನ್ ಆನ್ ಆಗಿಯೇ ಇತ್ತು. ಎಫ್‌ಡಿ ಮುರಿದು ಮೂರೂವರೆ ಲಕ್ಷ ರೂಪಾಯಿ ಕಳಿಸಿದರು. ಇಷ್ಟು ಹಣ ಯಾಕೆ ಎಂದು ಕೌಂಟರಿನಲ್ಲಿ ಕೇಳಿದ್ದಾರೆ. ಮಗಳ ಮನೆ ಕೆಲಸಕ್ಕೆ ಎಂದು, ಅವ ಹೇಳಿಕೊಟ್ಟ ಉತ್ತರವನ್ನೇ ಹೇಳಿದರು. ಕಣ್ಣಿನ ಆಪರೇಷನ್ನಿಗೆ, ತೋಟಕ್ಕೆ ಮದ್ದು ಬಿಡುವುದಕ್ಕೆ, ಕೊಯ್ಲಿನ ಕೂಲಿಗೆ ಎಂದು ಇಟ್ಟ ಹಣ ಅದು. ಕೊಳೆರೋಗ ಬಂದು ಅರ್ಧ ಫಸಲು ಉದುರಿದ ವರ್ಷವೂ ಅವರು ಅದನ್ನು ಮುಟ್ಟಿರಲಿಲ್ಲ.

ಮರುದಿನ ಅದೇ ಜನ ಇನ್ನೂ ಎರಡು ಲಕ್ಷ ಕೇಳಿದರು. ಚಿನ್ನ ಅಡವಿಡಲು ಎಲ್ಲಿ ಬಡ್ಡಿ ಕಡಿಮೆ ಎಂದು ದೊಡ್ಡಮ್ಮ ನನ್ನನ್ನು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಸಾಲ ಎಂದರೆ ಹೆದರುವವರು ಅವರು. ಕೂತು ವಿಚಾರಿಸಿದೆ. ಅಳುತ್ತಾ ಎಲ್ಲವನ್ನೂ ಹೇಳಿದರು. ಅವರ ಜಗಲಿಯಿಂದಲೇ ಸೈಬರ್ ಮೋಸದ ದೂರು ಕೊಡುವ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಅಷ್ಟರೊಳಗೆ ಹಣ ಬೇರೆ ಬೇರೆ ಖಾತೆಗಳಿಗೆ ಹರಿದು ಹೋಗಿತ್ತು. ಸಣ್ಣದೊಂದು ಪಾಲು ಮಾತ್ರ ತಡೆಹಿಡಿಯಲು ಸಿಕ್ಕಿದೆ. ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ರಕ್ಷಣೆ ಉಂಟು. ಇವರು ತಾವೇ ಸಹಿ ಹಾಕಿ ಕಳಿಸಿದ್ದರಿಂದ ಅದು ಅನ್ವಯ ಆಗುವುದಿಲ್ಲ ಎಂದು ಬ್ಯಾಂಕಿನವರು ಹೇಳಿದರು.

ದೊಡ್ಡಮ್ಮ ಓದು ಬಾರದವರಲ್ಲ. ದಿನಾ ಪೇಪರ್ ಓದುತ್ತಾರೆ. ಯಾಕೆ ನಂಬಿದಿರಿ ಎಂದು ಕೇಳಿದೆ. ‘ಅವ ಕನ್ನಡದಲ್ಲಿ ಮಾತಾಡಿದ. ಯಾವ ಆಫೀಸಿನವರು ನನ್ನ ಹತ್ತಿರ ಅಷ್ಟು ಮರ್ಯಾದೆಯಲ್ಲಿ ಕನ್ನಡ ಮಾತಾಡಿದ್ದಾರೆ ಹೇಳು?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

1956ರಿಂದ ನಾವು ಕೇರಳದಲ್ಲಿದ್ದೇವೆ. ಮಲಯಾಳ ಮಾತಾಡಲು ನಮ್ಮವರಿಗೆ ಬರುತ್ತದೆ. ಆದರೆ ಕನ್ನಡ ಶಾಲೆಯಲ್ಲಿ ಕಲಿತ ಹಳಬರಲ್ಲಿ ಎಷ್ಟೋ ಜನರಿಗೆ ಅದರ ಅಕ್ಷರ ಓದಲು ಬರುವುದಿಲ್ಲ. ಕೇರಳ ಪೊಲೀಸರು ಸೈಬರ್ ಮೋಸದ ಬಗ್ಗೆ ಒಳ್ಳೆಯ ಪ್ರಚಾರ ಮಾಡುತ್ತಾರೆ, ಅದನ್ನು ಒಪ್ಪಲೇಬೇಕು. ಆದರೆ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಮಲಯಾಳದಲ್ಲಿ, ಅದೂ ಜಾಸ್ತಿ ಫೇಸ್‌ಬುಕ್‌ನಲ್ಲಿ. ನಾನು ದಿನಾ ಹೋಗುವ ಬ್ಯಾಂಕಿನ ಗೋಡೆಯ ಪೋಸ್ಟರಿನಲ್ಲಿ ಇಂಗ್ಲಿಷ್, ಹಿಂದಿ, ಮಲಯಾಳ ಇವೆ. ಕನ್ನಡದ ಒಂದಕ್ಷರ ಇಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕಾಸರಗೋಡಿನ ಕನ್ನಡಿಗರು ಸರ್ಕಾರದ ಜತೆ ಕನ್ನಡದಲ್ಲಿ ವ್ಯವಹರಿಸಬಹುದು ಎಂದಿದೆ. ಹಾಗಿರುವಾಗ ಜನರ ಜೀವಮಾನದ ದುಡ್ಡು ಉಳಿಸುವ ನಾಲ್ಕು ಸಾಲಾದರೂ ಕನ್ನಡದಲ್ಲಿ ಬರಬೇಕು ಅಲ್ವಾ?

ಆ ನಾಲ್ಕು ಸಾಲಿನಲ್ಲಿ ಏನಿರಬೇಕು ಎಂದರೆ, ಮೊದಲಿಗೆ ಇದು. ತೋಟದ ಅಡಿಕೆಯ ಆದಾಯ ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಡೆಪಾಸಿಟ್ಟಿನ ಬಡ್ಡಿಗೆ ತೆರಿಗೆ ಬರಬಹುದು. ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಿಂದ ವರ್ಷಕ್ಕೆ ಸಿಗುವ ಬಡ್ಡಿ 1 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕೇ ಟಿಡಿಎಸ್, ಅಂದರೆ ತೆರಿಗೆಯ ಪಾಲನ್ನು ಮೊದಲೇ ಹಿಡಿಯುತ್ತದೆ. ಒಂದು ವೇಳೆ ನಿಜವಾಗಿ ತೆರಿಗೆ ಬಾಕಿ ಇದ್ದರೂ ಅದು ವಿಡಿಯೊ ಕರೆಯಲ್ಲಿ ಬರುವುದಿಲ್ಲ. ನೋಟಿಸ್ ಬರುತ್ತದೆ, ಕಟ್ಟಲು ಸಾಮಾನ್ಯವಾಗಿ 30 ದಿನ ಸಮಯ ಇರುತ್ತದೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಲ್ಲಿ ಡಿಐಎನ್ ಎಂಬ ಗುರುತಿನ ಸಂಖ್ಯೆ ಹಾಕುತ್ತಾರೆ. ಆ ಸಂಖ್ಯೆ ನಿಜವೋ ಅಲ್ಲವೋ ಎಂದು ಇಲಾಖೆಯ ಇ-ಫೈಲಿಂಗ್ ಜಾಲತಾಣದಲ್ಲಿ ನೋಡಬಹುದು. ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಹತ್ತಿರದ ಅಕ್ಷಯ ಕೇಂದ್ರದಲ್ಲಿ ಕೇಳಿದರೆ ನೋಡಿಕೊಡುತ್ತಾರೆ. ತೆರಿಗೆ ಹಣ ಚಲನ್ ಮೂಲಕ ಸರ್ಕಾರಕ್ಕೆ ಹೋಗುತ್ತದೆ. ಯಾವುದೋ ವ್ಯಕ್ತಿಯ ಖಾತೆಗೆ, ಯುಪಿಐ ನಂಬರಿಗೆ ಹೋಗುವುದಿಲ್ಲ. ಫೋನಿನಲ್ಲಿ ಅರೆಸ್ಟ್ ಮಾಡುವ ಕಾನೂನೇ ನಮ್ಮ ದೇಶದಲ್ಲಿ ಇಲ್ಲ. ಇದನ್ನು ಪ್ರಧಾನಿಯವರೇ 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಹೇಳಿದ್ದಾರೆ. ದೊಡ್ಡಮ್ಮನವರೆಗೆ ಅದು ತಲುಪಿರಲಿಲ್ಲ.

ಇನ್ನೊಂದು ಬಗೆಯೂ ಉಂಟು. ಟ್ಯಾಕ್ಸ್ ರೀಫಂಡ್ ಬಂದಿದೆ, ಲಿಂಕ್ ಒತ್ತಿ ಎಂದು ಮೆಸೇಜ್. ಪೇಟೆಯ ಅಂಗಡಿಯವರಿಗೆ ಇದು ಜಾಸ್ತಿ ಬರುತ್ತದೆ. ನಿಜವಾದ ರೀಫಂಡ್ ಮೊದಲೇ ದಾಖಲಾದ ಖಾತೆಗೆ ತಾನಾಗಿ ಬರುತ್ತದೆ. ಯಾವ ಆ್ಯಪನ್ನೂ ಹಾಕಿಕೊಳ್ಳಬೇಕಾಗಿಲ್ಲ, ಯಾರಿಗೂ ಒಟಿಪಿ ಹೇಳಬೇಕಾಗಿಲ್ಲ.

ಬ್ಯಾಂಕಿನವರಲ್ಲಿ ಒಂದು ಮಾತು. ಕೌಂಟರಿನಲ್ಲಿದ್ದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದಾರೆ, ಸಾಲಿನಲ್ಲಿ ಹತ್ತು ಜನ ಇರುವಾಗ ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಆದರೆ ವಯಸ್ಸಾದವರು ಒಬ್ಬರೇ ಬಂದು, ಅವಧಿಗೆ ಮೊದಲೇ ಎಫ್‌ಡಿ ಮುರಿದು, ಎಂದೂ ಹಣ ಕಳಿಸದ ಖಾತೆಗೆ ಎಲ್ಲವನ್ನೂ ಕಳಿಸಿ ಎಂದರೆ ಅವರನ್ನು ಮ್ಯಾನೇಜರ ಕೋಣೆಯಲ್ಲಿ ಕೂರಿಸಿ ಒಂದು ಲೋಟ ನೀರು ಕೊಡಿ. ಫೋನ್ ಆಫ್ ಮಾಡಿಸಿ. ಹಣ ಯಾಕೆ ಎಂದು ಕೇಳಬೇಡಿ, ಅದಕ್ಕೆ ಉತ್ತರ ಮೊದಲೇ ಕಲಿಸಿ ಕಳಿಸಿರುತ್ತಾರೆ. ‘ಯಾರಾದರೂ ಫೋನಿನಲ್ಲಿ ಹೆದರಿಸಿದ್ದಾರಾ ಅಮ್ಮ?’ ಎಂದು ಕೇಳಿ. ಆ ದಿನ ಹಾಗೆ ಕೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ ಎಂದು ದೊಡ್ಡಮ್ಮ ನನ್ನಲ್ಲಿ ಹೇಳಿದ್ದಾರೆ.

ದೂರದಲ್ಲಿರುವ ಮಕ್ಕಳಲ್ಲಿಯೂ ಕೇಳಿಕೊಳ್ಳುತ್ತೇನೆ. ಹಣ ಹೋದ ಮೇಲೆ ಬೈಯಬೇಡಿ. ಮಗ ಬೈಯುತ್ತಾನೆ ಎಂಬ ಹೆದರಿಕೆಯಿಂದ ಸುಮ್ನೆ ಕೂತವರು ನಮ್ಮ ಕಡೆ ಇನ್ನೂ ಇದ್ದಾರೆ. ಸುಮ್ನೆ ಕೂತಷ್ಟು ಹೊತ್ತು ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಬೇಗ 1930ಕ್ಕೆ ಹೇಳಿದರೆ ಬ್ಯಾಂಕುಗಳು ಅದನ್ನು ನಡುವೆ ತಡೆಯಲು ಸಾಧ್ಯ. ಆ ಖಾತೆಗಳೂ ಎಷ್ಟೋ ಸಲ ಕಳ್ಳರ ಹೆಸರಿನಲ್ಲಿ ಇರುವುದಿಲ್ಲ. ಕಮಿಷನ್ ಆಸೆಗೆ ಖಾತೆಯನ್ನು, ಎಟಿಎಂ ಕಾರ್ಡನ್ನು ಬಾಡಿಗೆಗೆ ಕೊಟ್ಟ ಹುಡುಗರ ಹೆಸರಿನಲ್ಲಿರುತ್ತವೆ. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಈ ಮಾತನ್ನೂ ಅವರಿಗೆ ಹೇಳಿ. ಹಾಗೆ ಕೊಡುವುದೂ ಅಪರಾಧ, ಪೊಲೀಸರು ಮೊದಲು ಬರುವುದು ಅವರ ಮನೆಗೇ.

ಮಂಗಳೂರು ಆಕಾಶವಾಣಿಯನ್ನು ನಮ್ಮ ಹಿರಿಯರು ಈಗಲೂ ಕೇಳುತ್ತಾರೆ. ಅಲ್ಲಿ ಕನ್ನಡ, ತುಳು ಎರಡರಲ್ಲೂ ಈ ಎಚ್ಚರಿಕೆ ಆಗಾಗ ಬರಲಿ. ಹೆಂಗಸರ ಸ್ವಸಹಾಯ ಗುಂಪುಗಳಾದ ಕುಡುಂಬಶ್ರೀಯ ಸಭೆಗಳಲ್ಲಿ, ಹಾಲಿನ ಸೊಸೈಟಿಯಲ್ಲಿ, ಭಜನಾ ಮಂದಿರದ ಬೋರ್ಡಿನಲ್ಲಿ ಹಾಕಲು ಪಂಚಾಯತಿನವರು ಒಂದು ಕನ್ನಡ ಕರಪತ್ರ ಅಚ್ಚು ಹಾಕಿಸಲಿ. ಖರ್ಚು ದೊಡ್ಡದಲ್ಲ. ಕೊಟ್ಟರೆ ಮನೆ ಮನೆಗೆ ಹಂಚಲು ನಾನು ತಯಾರಿದ್ದೇನೆ, ಹೇಗೂ ಹೋಗುವ ದಾರಿಯೇ.

ಈಗ ನಿಮ್ಮಲ್ಲಿ ಕೇಳುವ ಸಹಾಯ. ತೋಟದ ಮನೆಗಳಲ್ಲಿ ಪೇಪರ್ ಬಿಡಿಸಿದ ಕೂಡಲೇ ನೋಡುವುದು ಅಡಿಕೆ ಧಾರಣೆ. ಕನ್ನಡಕ ಇಲ್ಲದಿದ್ದರೆ ಮೊಮ್ಮಕ್ಕಳಿಂದ ಓದಿಸಿಯಾದರೂ ಅದನ್ನು ಕೇಳುತ್ತಾರೆ. ಹೊಸ ಅಡಿಕೆ, ಹಳೆ ಅಡಿಕೆ, ಕಾಳುಮೆಣಸು, ರಬ್ಬರ್ ಎಲ್ಲ ಬರೆದ ಮೇಲೆ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ದಿನಾ ಎರಡು ಸಾಲು ಹಾಕಿ: ‘ಇನ್‌ಕಂ ಟ್ಯಾಕ್ಸಿನವರು ಫೋನಿನಲ್ಲಿ ಹಣ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಕಟ್ ಮಾಡಿ ಮನೆಯವರಿಗೆ ಹೇಳಿ, ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ.’

ಇತಿ,
ಒಬ್ಬ ಪಿಗ್ಮಿ ಸಂಗ್ರಾಹಕ
ಪೆರ್ಲ, ಕಾಸರಗೋಡು ಜಿಲ್ಲೆ