ಊಟದ ಹಾಲ್ ಕೆಳಗಿದೆ, ಲಿಫ್ಟ್ ಇಲ್ಲ

ಮಾನ್ಯ ಸಂಪಾದಕರೇ,

ಅಂಗವಿಕಲರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಹೆಚ್ಚಾಗಿ ಪಿಂಚಣಿ, ತ್ರಿಚಕ್ರ ವಾಹನ ವಿತರಣೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಬಸ್ ಪಾಸ್ ಇವುಗಳ ಸುತ್ತಲೇ ಇರುತ್ತದೆ. ಅವೂ ಬೇಕು. ಆದರೆ ಆಸ್ಪತ್ರೆಗೂ ಕಚೇರಿಗೂ ಹೋಗಿ ಬಂದರೆ ಬದುಕು ಮುಗಿಯಿತಾ? ಮದುವೆ, ನಾಮಕರಣ, ಬೀಗರೂಟ, ತಿಥಿ, ನಮ್ಮ ಮೈಸೂರು ಮಂಡ್ಯ ಕಡೆ ನೆಂಟರು ಸ್ನೇಹಿತರು ಒಬ್ಬರನ್ನೊಬ್ಬರು ನೋಡುವುದೇ ಇಂಥ ಕಡೆ. ಹುಡುಗ ಹುಡುಗಿ ಕಣ್ಣಿಗೆ ಬೀಳುವುದು, ಯಾರದೋ ಕಂಪನಿಯಲ್ಲಿ ಕೆಲಸ ಖಾಲಿ ಇದೆ ಅಂತ ಗೊತ್ತಾಗುವುದು, ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಮತ್ತೆ ಮಾತಾಡುವುದು ಎಲ್ಲ ಛತ್ರದ ಕುರ್ಚಿಗಳ ಮೇಲೆಯೇ. ಆ ಛತ್ರದೊಳಗೆ ಹೋಗಲು ಆಗದವರು ಇಷ್ಟೂ ಕಳೆದುಕೊಳ್ಳುತ್ತಾರೆ. ಈ ಪತ್ರ ಅದರ ಬಗ್ಗೆ.

ನನ್ನ ತಮ್ಮ ಬೆನ್ನುಹುರಿಗೆ ಪೆಟ್ಟಾದ ಮೇಲೆ ವೀಲ್‌ಚೇರ್ ಬಳಸುತ್ತಾನೆ. ಲೆಕ್ಕಪತ್ರದ ಕೆಲಸ ಮಾಡುತ್ತಾನೆ, ಪಕ್ಕಕ್ಕೆ ಚಕ್ರ ಹಾಕಿಸಿದ ಸ್ಕೂಟರ್‌ನಲ್ಲಿ ಊರೆಲ್ಲ ಓಡಾಡುತ್ತಾನೆ. ಈಚೆಗೆ ನಮ್ಮ ಚಿಕ್ಕಪ್ಪನ ಮಗಳ ಮದುವೆ ಇತ್ತು. ಮಂಟಪದ ಮುಂದೆ ಹೂವಿನ ಕಮಾನು, ಅದರ ಕೆಳಗೆ ಆರು ಮೆಟ್ಟಿಲು. ನಾಲ್ಕು ಜನ ಹುಡುಗರು ಓಡಿ ಬಂದು ಚೇರ್ ಸಮೇತ ಎತ್ತಿದರು. ಒಳ್ಳೆ ಮನಸ್ಸಿನಿಂದಲೇ ಬಂದವರು, ಅದರಲ್ಲಿ ಅನುಮಾನವಿಲ್ಲ. ಆದರೆ ಒಬ್ಬ ಕೈ ಇಟ್ಟುಕೊಳ್ಳುವ ಪಟ್ಟಿಯನ್ನು ಹಿಡಿದು ಎತ್ತಿದ. ಅದು ಕಳಚಿ ಬರುವ ಪಟ್ಟಿ. ಅರ್ಧ ಮೆಟ್ಟಿಲಲ್ಲಿ ಅವನ ಕೈಗೇ ಬಂತು, ಚೇರ್ ಒಂದು ಕಡೆಗೆ ವಾಲಿತು, ತಮ್ಮ ಕಮಾನಿನ ಕಂಬ ಹಿಡಿದುಕೊಂಡು ಉಳಿದ. ಅಷ್ಟು ಹೊತ್ತಿಗೆ ಸುತ್ತ ಎಲ್ಲರೂ ಇವನನ್ನೇ ನೋಡುತ್ತಿದ್ದರು, ಇಬ್ಬರು ಫೋನ್ ತೆಗೆದಿದ್ದರು.

ಧಾರೆ ಆಯಿತು. ವೇದಿಕೆಗೆ ಮತ್ತೆ ಮೆಟ್ಟಿಲು, ಹಾಗಾಗಿ ಫೋಟೋದಲ್ಲಿ ಅವನಿಲ್ಲ. ಊಟದ ಹಾಲ್ ನೆಲಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. "ಅಕ್ಕ, ನಾನು ಮೇಲೇ ಇರ್ತೀನಿ, ನೀವು ಊಟ ಮಾಡ್ಕೊಂಡು ಬನ್ನಿ" ಅಂದ. ಯಾರೋ ತಟ್ಟೆಯಲ್ಲಿ ಎಲ್ಲ ಹಾಕಿಸಿಕೊಂಡು ಬಂದುಕೊಟ್ಟರು. ಹಾಲ್‌ನಲ್ಲಿ ಕುರ್ಚಿ ಜೋಡಿಸಿಡುವವರ ಮಧ್ಯೆ ಒಬ್ಬನೇ ಕೂತು ಉಂಡ. ನೀರು ಮಾತ್ರ ಮುಟ್ಟಲಿಲ್ಲ. ಬೆಳಗ್ಗೆ ಮನೆ ಬಿಡುವಾಗಿನಿಂದಲೂ ಕುಡಿದಿರಲಿಲ್ಲ, ಯಾಕಂದರೆ ಛತ್ರದ ಶೌಚಾಲಯದ ಬಾಗಿಲು ಎರಡಡಿ ಅಗಲ ಇರುತ್ತದೆ, ಹೊಸ್ತಿಲು ಬೇರೆ ಎತ್ತರ ಇರುತ್ತದೆ ಅಂತ ಅವನಿಗೆ ಮೊದಲೇ ಗೊತ್ತು. ಬೆನ್ನುಹುರಿಗೆ ಪೆಟ್ಟಾದವರು ನೀರು ಕುಡಿಯದೆ ಇದ್ದರೆ ಮೂತ್ರದ ಸೋಂಕು ಬೇಗ ಹತ್ತುತ್ತದೆ. ಒಂದು ಮದುವೆಗೆ ಹೋಗಿ ಬಂದು ವಾರ ಜ್ವರದಲ್ಲಿ ಮಲಗುವ ಜನ ಇದ್ದಾರೆ ಸಾರ್, ಇದು ಸುಮ್ನೆ ಹೇಳುವ ಮಾತಲ್ಲ.

ಇದಾದ ಮೇಲೆ ಏನಾಗುತ್ತದೆ ಅಂದರೆ, ನೆಂಟರೇ ಕರೆಯುವಾಗ ಹಿಂದೆಮುಂದೆ ನೋಡುತ್ತಾರೆ. "ಪಾಪ ಅವನನ್ನ ಯಾಕವ್ವ ಒದ್ದಾಡಿಸ್ತೀರ, ಊಟ ಡಬ್ಬಿಗೆ ಹಾಕಿ ಕಳಿಸ್ತೀವಿ ಬಿಡಿ" ಅಂತಾರೆ. ಪ್ರೀತಿಯಿಂದ ಹೇಳಿದ ಮಾತೇ. ಆದರೂ ಅವತ್ತಿನಿಂದ ಅವನು ಡಬ್ಬಿ ಊಟದವನಾಗಿಬಿಡುತ್ತಾನೆ.

ರ‍್ಯಾಂಪ್ ಇದೆ ಅಂತ ಕೆಲವು ಮಂಟಪದವರು ಹೇಳುತ್ತಾರೆ. ಹೋಗಿ ನೋಡಿದರೆ ಅದು ಹಿಂದುಗಡೆ ಅಡುಗೆಯವರ ಪಾತ್ರೆ, ಸಿಲಿಂಡರ್ ಸಾಗಿಸಲು ಮಾಡಿದ ಇಳಿಜಾರು. ಸರಿಯಾದ ಲೆಕ್ಕ ಕಷ್ಟವೇನಲ್ಲ: ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಆರಿಂಚಿನ ಆರು ಮೆಟ್ಟಿಲು ಅಂದರೆ ಮೂರಡಿ ಎತ್ತರ, ಅದಕ್ಕೆ 36 ಅಡಿ ರ‍್ಯಾಂಪ್ ಬೇಕು, ಮಧ್ಯೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ ಬೇಕು, ಎರಡೂ ಕಡೆ ಹಿಡಿಕೆ ಬೇಕು. ಎಂಟು ಹತ್ತಡಿಯಲ್ಲಿ ಮುಗಿಸಿದರೆ ಅದನ್ನು ಹತ್ತಲು ಮತ್ತೆ ಹಿಂದಿನಿಂದ ತಳ್ಳಲು ಜನ ಬೇಕು, ಇಳಿಯುವಾಗಂತೂ ಅಪಾಯ. ಅಷ್ಟು ಜಾಗ ಎಲ್ಲಿದೆ ಅಂತ ಮಾಲೀಕರು ಕೇಳಬಹುದು. ನೇರವಾಗಿಯೇ ಇರಬೇಕು ಅಂತೇನಿಲ್ಲ, ಗೋಡೆ ಪಕ್ಕ ತಿರುಗಿಸಿ ಎರಡು ಸಾಲು ಮಾಡಬಹುದು. ಅದಕ್ಕೆ ಎರಡು ಕಾರು ನಿಲ್ಲುವ ಜಾಗ ಹೋದರೆ ಹೋಗಲಿ, ಕಾರನ್ನು ರಸ್ತೆಯಲ್ಲಿ ನಿಲ್ಲಿಸಬಹುದು.

ಇದೆಲ್ಲ ಮಾಲೀಕರ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಾರ್ವಜನಿಕ ಕಟ್ಟಡ ಅಂದರೆ ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಸೇರಿತು, ವ್ಯಾಪಾರಕ್ಕಿರಲಿ, ಧರ್ಮಕಾರ್ಯಕ್ಕಿರಲಿ, ಸಂಸ್ಕೃತಿ ಮನರಂಜನೆಗಿರಲಿ. ಹಳೇ ಕಟ್ಟಡಗಳನ್ನು ಸರಿಪಡಿಸಲು ನಿಯಮ ಪ್ರಕಟವಾದ ದಿನದಿಂದ ಐದು ವರ್ಷ ಕೊಟ್ಟಿದ್ದರು. ನಿಯಮ ಬಂದಿದ್ದು 2017ರ ಜೂನ್‌ನಲ್ಲಿ. ಅಂದರೆ 2022ಕ್ಕೇ ಗಡುವು ಮುಗಿದಿದೆ. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಬರೀ ಮಾರ್ಗಸೂಚಿ ಅಂತ ಹೇಳಿ ಜಾರಿಕೊಳ್ಳುವಂತಿಲ್ಲ, ಕಡ್ಡಾಯ ಮಾನದಂಡಗಳನ್ನು ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. 2011ರ ಜನಗಣತಿಯಲ್ಲೇ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದರು. ಮಂಡಿ ನೋವಿನ ಅಜ್ಜಿ ತಾತಂದಿರು ಆ ಲೆಕ್ಕದಲ್ಲಿ ಬರುವುದಿಲ್ಲ, ಮೆಟ್ಟಿಲ ಮುಂದೆ ನಿಂತು ಸೊಂಟ ಹಿಡಿದುಕೊಳ್ಳುವವರು ಅವರೂ ಹೌದು.

ಮೆಟ್ಟಿಲಿನಷ್ಟೇ ನೋವು ಕೊಡುವುದು ಮಾತು. ಬಡಿಸುವವರು ತಮ್ಮನ ಎದುರೇ ನಿಂತು ನನ್ನನ್ನು ಕೇಳುತ್ತಾರೆ, "ಇವರಿಗೆ ಪಾಯಸ ಹಾಕ್ಲಾ ಅಮ್ಮ?" ಅವನಿಗೆ ಕಿವಿ ಕೇಳುತ್ತದೆ, ಬಾಯಿ ಬರುತ್ತದೆ. ಅವನನ್ನೇ ಕೇಳಿ. ಕಣ್ಣು ಕಾಣದವರು ಪಕ್ಕದಲ್ಲಿ ಕೂತರೆ ಬಾಳೆಲೆ ಊಟ ಅವರಿಗೆ ಬಹಳ ಅನುಕೂಲ, ಯಾಕಂದರೆ ಎಲೆಯಲ್ಲಿ ಯಾವುದು ಎಲ್ಲಿ ಅಂತ ಮೊದಲೇ ಗೊತ್ತಿರುತ್ತದೆ: ಎಡತುದಿಯಲ್ಲಿ ಉಪ್ಪು, ಮೇಲಿನ ಸಾಲಿನಲ್ಲಿ ಕೋಸಂಬರಿ ಪಲ್ಯ, ಕೆಳಗೆ ಮಧ್ಯದಲ್ಲಿ ಅನ್ನ. ಬಿಸಿ ಸಾರು ಹಾಕುವಾಗ "ಸಾರು ಹಾಕ್ತಿದೀನಿ" ಅಂತ ಒಂದು ಮಾತು ಹೇಳಿದರೆ ಸಾಕು. ಬಫೆಯಲ್ಲಿ ಅವರ ಪಾಡು ಕಷ್ಟ, ಊರುಗೋಲು ಹಿಡಿದವರದ್ದೂ ಅಷ್ಟೇ, ಎರಡೂ ಕೈಯಲ್ಲಿ ಕೋಲಿದ್ದರೆ ತಟ್ಟೆ ಹಿಡಿಯುವುದು ಯಾರು? ಆದರೆ ಪಂಕ್ತಿಯಲ್ಲೂ ನೆಲಕ್ಕೆ ಬೋಲ್ಟ್ ಹಾಕಿದ ಸ್ಟೂಲುಗಳಿದ್ದರೆ ವೀಲ್‌ಚೇರ್ ಮೇಜಿನ ಹತ್ತಿರ ಹೋಗುವುದಿಲ್ಲ. ಸಾಲಿನ ಕೊನೆಯಲ್ಲಿ ಎರಡು ಸ್ಟೂಲ್ ತೆಗೆಸಿದರೆ ಆಯಿತು, ಖರ್ಚು ಏನೂ ಇಲ್ಲ.

ಕಿವಿ ಕೇಳದವರ ಕಥೆ ಇನ್ನೂ ಒಂಟಿ. ನಮ್ಮ ಸಂಬಂಧದಲ್ಲೇ ಒಬ್ಬಳು ಹುಡುಗಿ ಇದ್ದಾಳೆ, ಪ್ರತಿ ಮದುವೆಯಲ್ಲೂ ಗೋಡೆ ಪಕ್ಕ ಕೂತು ಫೋನ್ ನೋಡುತ್ತಾಳೆ. ವಾಲಗ, ಗಟ್ಟಿಮೇಳ ಜೋರಾದಾಗ ನಾವೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತೇವೆ, "ಊಟ ಆಯ್ತಾ", "ಆಮೇಲೆ ಬಾ", "ಫೋನ್ ಮಾಡು" ಅಂತ. ಅದೇ ಕೈ ಅವಳ ಹತ್ತಿರ ಯಾಕೆ ಏಳುವುದಿಲ್ಲ? ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇರುವ ಊರು ನಮ್ಮದು. ತಿಲಕನಗರದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಅದಕ್ಕಿಂತ ಎಷ್ಟೋ ಮೊದಲಿನಿಂದ ಇದೆ. ಇಂಥ ಊರಿನಲ್ಲಿ ನಾಲ್ಕು ಸನ್ನೆ ಕಲಿಯುವುದು ಯಾರಿಗೂ ಭಾರವಾಗಬಾರದು. ಅವಳ ಪಕ್ಕ ಕೂತು ಮುಖ ಕೊಟ್ಟು ನಿಧಾನವಾಗಿ ಮಾತಾಡಿ, ಇಲ್ಲವಾದರೆ ಫೋನಿನಲ್ಲೇ ಬರೆದು ತೋರಿಸಿ.

ಬಡಾವಣೆ ಪಾರ್ಕ್‌ಗಳ ಗೇಟಿನಲ್ಲಿ ಬೈಕು, ದನ ಬರಬಾರದು ಅಂತ ಅಡ್ಡಡ್ಡ ಕಂಬಿ ಹಾಕಿರುವುದರ ಬಗ್ಗೆಯೂ ಬರೆಯಬೇಕು, ಅದು ವೀಲ್‌ಚೇರನ್ನೂ ತಡೆಯುತ್ತದೆ. ಅದಕ್ಕೆ ಇನ್ನೊಂದು ಪತ್ರವೇ ಬೇಕು.

ಸದ್ಯ ಕೇಳುವುದು ಇಷ್ಟು. ಮದುವೆಗೆ ಮಂಟಪ ನೋಡಲು ಹೋದಾಗ ರೂಮು ಎಷ್ಟು, ಜನರೇಟರ್ ಇದೆಯಾ, ಪಾರ್ಕಿಂಗ್ ಹೇಗೆ ಅಂತ ಕೇಳುತ್ತೀರಲ್ಲ, ಅದರ ಜೊತೆಗೆ ರ‍್ಯಾಂಪ್ ಎಷ್ಟು ಉದ್ದ, ಊಟದ ಹಾಲ್‌ಗೆ ಲಿಫ್ಟ್ ಇದೆಯಾ, ಶೌಚಾಲಯದ ಬಾಗಿಲು ಮೂರಡಿ ಇದೆಯಾ ಅಂತಲೂ ಕೇಳಿ. ಇಲ್ಲ ಅಂದರೆ "ಅದಕ್ಕೇ ಬೇರೆ ಕಡೆ ನೋಡ್ತೀವಿ" ಅಂತ ಬಾಯಿಬಿಟ್ಟು ಹೇಳಿ ಬನ್ನಿ. ಹತ್ತು ಮನೆಯವರು ಹೀಗೆ ಹೇಳಿ ಎದ್ದು ಬಂದರೆ ಯಾವ ನೋಟಿಸಿಗೂ ಆಗದ ಕೆಲಸ ಆಗುತ್ತದೆ. ಮೈಸೂರು ಪಾಲಿಕೆ ಮತ್ತು ಮಂಡ್ಯ ನಗರಾಡಳಿತ ಮಂಟಪಗಳ ಪರವಾನಗಿ ನವೀಕರಿಸುವ ಮುಂಚೆ ಟೇಪು ಹಿಡಿದು ಅಳೆಯಲಿ, ಅಳೆಯುವಾಗ ವೀಲ್‌ಚೇರ್ ಬಳಸುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲಿ.

ಮಾಲೀಕರಿಗೆ ಒಂದು ಮಾತು. ಕೆಲಸ ಮಾಡಿಸಲು ಮಂಟಪ ಮುಚ್ಚಿದರೆ ಬುಕಿಂಗ್ ಹೋಗುತ್ತದೆ ಅನ್ನುತ್ತೀರಿ. ಆಷಾಢದಲ್ಲಿ ಹೇಗೂ ಮದುವೆ ಇರುವುದಿಲ್ಲ, ಮಂಟಪ ಖಾಲಿ ಹೊಡೆಯುತ್ತಿರುತ್ತದೆ. ರ‍್ಯಾಂಪಿನ ಕಾಂಕ್ರೀಟಿಗೂ ಶೌಚಾಲಯದ ಬಾಗಿಲು ಅಗಲ ಮಾಡಿಸುವುದಕ್ಕೂ ಆ ಒಂದು ತಿಂಗಳು ಸಾಕು. ಲಿಫ್ಟಿಗೆ ಜಾಸ್ತಿ ದಿನ ಬೇಕು, ಅಲ್ಲಿಯವರೆಗೆ ನಡೆಯಲಾಗದ ಅತಿಥಿಗಳ ಜೊತೆ ಅವರ ಮನೆಯವರೂ ಕೂತು ಉಣ್ಣುವಂತೆ ಮೇಲಿನ ಹಾಲ್‌ನಲ್ಲೇ ಒಂದು ಸಾಲು ಮೇಜು ಹಾಕಿಸಿ, ಎಲೆ ಹಾಕಿ ಬಡಿಸಿ.

ಇಂತಿ,
ಒಬ್ಬ ಓದುಗಿ,
ಕುವೆಂಪುನಗರ, ಮೈಸೂರು