ಇವತ್ತೇ ಹೇಳಿಬಿಡು ಮಾಣಿ

ಪ್ರೀತಿಯ ಮಾಣಿ,

ನಿನ್ನ ಮೇಲ್ ಬೆಳಗಿನ ಜಾವ ಓದಿದೆ. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮಲಗಿದ್ದೀಯೋ, ಎತ್ತಲು ಮನಸ್ಸಿಲ್ಲವೋ ತಿಳಿಯಲಿಲ್ಲ. ಅದಕ್ಕೇ ಬರೆಯಲು ಕೂತೆ. ಮನೆ ಸುದ್ದಿಯೆಲ್ಲ ನಿನ್ನ ಆಯಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ.

ಬೇರೆಯವರ ಕೋಡಿನಲ್ಲಿ ಅಡಗಿ ಕಂಪನಿಗಳೊಳಗೆ ನುಗ್ಗುವ ಆ ಕಂಪ್ಯೂಟರ್ ಹುಳದ ಬಗ್ಗೆ ಮೇಲ್‌ನ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ದೊಡ್ಡಪ್ಪಾ, ಅದು ನನ್ನ ಲ್ಯಾಪ್‌ಟಾಪಿನಿಂದಲೇ ಒಳಗೆ ಹೋಗಿದ್ದರೆ? ಇನ್ನೂ ಯಾರಿಗೂ ಹೇಳಿಲ್ಲ" ಅಂತ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ. ತೋಟಕ್ಕೆಂದು ಇಳಿದವನು ಅರ್ಧ ದಾರಿಯಿಂದ ವಾಪಸ್ ಬಂದೆ. ಇನ್ನೂ ಯಾರಿಗೂ ಹೇಳಿಲ್ಲ. ಅದೊಂದೇ ಮಾತು ತಲೆಯಲ್ಲಿ ತಿರುಗುತ್ತಾ ಇದೆ.

ನೀನು ಮಾಡಿದ್ದಾದರೂ ಏನು? ಬೇರೆಯವರು ಬರೆದಿಟ್ಟ ಕೋಡಿನ ಪ್ಯಾಕೇಜು ಇಳಿಸಲು ಎನ್‌ಪಿಎಂ ಇನ್‌ಸ್ಟಾಲ್ ಅಂತ ಒಂದು ಸಾಲು ಟೈಪ್ ಮಾಡಿದೆ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅದು. ನೀನು ಕೇಳಿದ್ದು ಒಂದು ಪ್ಯಾಕೇಜ್, ಅದರ ಬೆನ್ನಿಗೆ ಬಂದದ್ದು ನೂರಾರು. ಅದರಲ್ಲಿ ಯಾವುದೋ ಒಂದರ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್, ಇಳಿದ ಕೂಡಲೇ ತಾನೇ ಓಡುವಂಥದ್ದು, ನಿನ್ನನ್ನು ಒಂದು ಮಾತೂ ಕೇಳದೆ ಓಡಿತು. ಯಾರಾದರೂ ಎಲ್ಲವನ್ನೂ ಬಿಡಿಸಿ ನೋಡಿಯೇ ಇಳಿಸುತ್ತಾರಾ? ನಾನು ಸರ್ವರ್ ನೋಡಿಕೊಳ್ಳುತ್ತಿದ್ದ ಕಾಲದಲ್ಲೂ ಯಾರೂ ನೋಡುತ್ತಿರಲಿಲ್ಲ.

2025ರ ಸೆಪ್ಟೆಂಬರ್ 8ರಂದು ಎನ್‌ಪಿಎಂನ ಚಾಕ್, ಡೀಬಗ್ ಮೊದಲಾದ 18 ಪ್ಯಾಕೇಜುಗಳಿಗೆ ಕಳ್ಳರ ಕೋಡಿನ ವಿಷ ಸೇರಿದ್ದು ನಿನಗೆ ನೆನಪಿರಬೇಕು. ಎಲ್ಲ ಸೇರಿ ವಾರಕ್ಕೆ 200 ಕೋಟಿಗೂ ಜಾಸ್ತಿ ಸಲ ಇಳಿಯುವಂಥವು. ಅವನ್ನು ನೋಡಿಕೊಳ್ಳುತ್ತಿದ್ದವರು ಎಷ್ಟೋ ವರ್ಷದ ಅನುಭವಸ್ಥರು. ಎರಡನೇ ಹಂತದ ಭದ್ರತೆಯನ್ನು ಹೊಸದು ಮಾಡಿಕೊಳ್ಳಿ ಅಂತ ಬಂದ ಸುಳ್ಳು ಮೇಲ್ ನಂಬಿ ಖಾತೆ ಕಳೆದುಕೊಂಡರು. ಆದರೆ ಮುಚ್ಚಿಡಲಿಲ್ಲ. ಹೌದು, ನಾನೇ ಮೋಸ ಹೋದೆ ಅಂತ ಅವತ್ತೇ ಎಲ್ಲರ ಮುಂದೆ ಹೇಳಿದರು. ಕೆಲವೇ ಗಂಟೆಯಲ್ಲಿ ವಿಷದ ಆವೃತ್ತಿಗಳು ಹೋದವು. ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ಈಗ ಹೇಳುತ್ತೇನೆ. ನಿನ್ನ ಅಪ್ಪಯ್ಯನಿಗೂ ಇದು ಪೂರ್ತಿ ಗೊತ್ತಿಲ್ಲ.

ಬೆಂಗಳೂರು ಬಿಟ್ಟು ಬಂದ ಎರಡನೇ ಮಳೆಗಾಲ. ಅಡಿಕೆಯ ಕೊಳೆರೋಗದ ಮದ್ದಿಗೆ ಮೈಲುತುತ್ತ ತಂದಿದ್ದೆ. ನನ್ನನ್ನು ನೋಡಿ ಊರಿನ ಮತ್ತೆ ನಾಲ್ಕು ಮನೆಯವರು ಅದೇ ಅಂಗಡಿಯಿಂದ ತರಿಸಿದರು. ಓದಿದವನು, ವಿಚಾರಿಸಿಯೇ ತಂದಿರುತ್ತಾನೆ ಅಂತ ಅವರ ನಂಬಿಕೆ. ನೀರಿಗೆ ಹಾಕಿದಾಗ ನೀಲಿಯಲ್ಲಿ ಸ್ವಲ್ಪ ಹಸಿರು ಕಂಡಿತು. "ಇದು ಯಾಕೋ ಸರಿ ಇಲ್ಲ ಹೆಗಡೇರೇ" ಅಂದ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ. ನಾನು "ಹೊಡಿ ಮಾರಾಯಾ, ಮಳೆ ಬರುವುದರೊಳಗೆ ಮುಗಿಸು" ಅಂದೆ.

ಆಮೇಲೆ ಮಳೆ ಹಿಡಿಯಿತು. ನನ್ನ ತೋಟದಲ್ಲಿ ಎಳೆ ಅಡಿಕೆ ಉದುರತೊಡಗಿತು. ಹೆಕ್ಕಿ ನೋಡಿದರೆ ತೊಟ್ಟಿನ ಹತ್ತಿರ ಕೊಳೆತು ಬಿಳಿ ಬೂಸ್ಟು ಬಂದಿತ್ತು. ಮದ್ದು ಕಲಬೆರಕೆ ಅಂತ ಅವತ್ತೇ ಗೊತ್ತಾಯಿತು. ಉಳಿದ ಮನೆಯವರು ಇನ್ನೂ ಹೊಳವಿಗೆ, ಮಳೆ ಬಿಡುವು ಕೊಡುವುದಕ್ಕೆ, ಕಾಯುತ್ತಿದ್ದರು. ಮದ್ದು ಹೊಡೆಸಿರಲಿಲ್ಲ. ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಂದು ದಿನ ನೋಡಿ ಖಾತ್ರಿ ಮಾಡಿಕೊಂಡು ಹೇಳೋಣ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಬೆಳಕು ಹರಿಯುವ ಮೊದಲೇ ಹೋಗಿ, ಬಿದ್ದ ಕಾಯಿ ಯಾರ ಕಣ್ಣಿಗೂ ಬೀಳದ ಹಾಗೆ ಹೆಕ್ಕಿ ತೆಗೆದೆ. ಹೀಗೆ ಐದು ದಿನ. ನಡುವೆ ಒಂದು ಮಧ್ಯಾಹ್ನ ಹೊಳವಾಯಿತು. ಇಬ್ಬರು ಹೊಡೆಸಿಬಿಟ್ಟರು.

ಅದರಲ್ಲಿ ಒಬ್ಬರು ಕೆಳಗಿನ ಮನೆಯ ಅತ್ತಿಗೆ. ಅವಳಿಗೆ ಇದ್ದದ್ದೇ ಹದಿನೈದು ಗುಂಟೆ ತೋಟ. ಆ ವರ್ಷ ಅವಳ ಅಂಗಳದಲ್ಲಿ ಒಣಗಿಸಲು ಅಡಿಕೆಯೇ ಇರಲಿಲ್ಲ. ನನ್ನನ್ನೇ ಕರೆದು "ಏನು ಮಾಡುವುದು ಭಾವಾ, ಮಳೆಯೇ ಹಾಗಿತ್ತು" ಅಂದಳು. ನಾನು ಹೂಂ ಅಂದೆ. ಅವಳು ತೀರಿಕೊಂಡು ಆರು ವರ್ಷ ಆಯಿತು.

ಕಲಬೆರಕೆ ಮಾಡಿದವನು ನಾನಲ್ಲ. ಆದರೆ ಆ ಐದು ದಿನ ನನ್ನವು.

ನಿನಗೆ ಎಷ್ಟು ದಿನ ಆಯಿತು ಮಾಣಿ? ಮೇಲ್ ನೋಡಿದರೆ ಎರಡು ದಿನ ಅನಿಸುತ್ತದೆ. ಈ ಹುಳಕ್ಕೆ ಎರಡು ದಿನ ಬಹಳ ಆಯಿತು. ಶಾಯ್-ಹುಲೂದ್ ಅಂತ ಹೆಸರಿಟ್ಟಿದ್ದಾರಲ್ಲ, ಅದು ಮಷೀನಿನಲ್ಲಿ ಇಟ್ಟ, ಪಾಸ್‌ವರ್ಡಿನ ಹಾಗೆ ಬಾಗಿಲು ತೆರೆಯುವ ಟೋಕನ್, ಕ್ಲೌಡ್ ಕೀಲಿ ಎಲ್ಲ ಹುಡುಕುತ್ತದೆ. ಎನ್‌ಪಿಎಂ ಟೋಕನ್ ಸಿಕ್ಕಿದರೆ ಆ ಖಾತೆಯ ಬೇರೆ ಪ್ಯಾಕೇಜುಗಳಿಗೂ ತನ್ನನ್ನೇ ಸೇರಿಸಿ ಹೊಸ ಆವೃತ್ತಿ ಬಿಡುತ್ತದೆ. ಕೊಳೆಯ ಹಾಗೇ, ಒಂದು ಗೊನೆಯಿಂದ ಇನ್ನೊಂದು ಗೊನೆಗೆ. ನಿನ್ನ ಪಕ್ಕದ ಸೀಟಿನವರು ಇವತ್ತು ಏನನ್ನು ಇಳಿಸುತ್ತಿದ್ದಾರೋ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ನಿನ್ನ ಹೆದರಿಕೆ ಸುಳ್ಳು ಅಂತಲೂ ಹೇಳುವುದಿಲ್ಲ. ಎಲ್ಲರಿಗಿಂತ ಚಿಕ್ಕವರ ತಲೆಗೆ ಕಟ್ಟುವವರು ಇದ್ದಾರೆ. ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಸೋಲಾರ್‌ವಿಂಡ್ಸ್ ಕಂಪನಿಯ ವಿಷಯದಲ್ಲಿ 2021ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹಾಗೇ ಆಯಿತು. ದುರ್ಬಲ ಪಾಸ್‌ವರ್ಡ್ ಒಂದರ ಬಗ್ಗೆ ಕೇಳಿದಾಗ ಕಂಪನಿಯ ಹಿಂದಿನ ಮುಖ್ಯಸ್ಥರು ಅದು ಒಬ್ಬ ಇಂಟರ್ನ್ ಮಾಡಿದ ತಪ್ಪು ಅಂದರು. ಅಷ್ಟು ದೊಡ್ಡ ಕಂಪನಿ, ಸುಮಾರು 18,000 ಗ್ರಾಹಕರಿಗೆ ವಿಷದ ಅಪ್‌ಡೇಟ್ ಹೋಗಿದೆ, ಕೊನೆಗೆ ಮಾತು ಬಂದು ನಿಂತದ್ದು ಒಬ್ಬ ಹುಡುಗನ ಮೇಲೋ ಹುಡುಗಿಯ ಮೇಲೋ. ಅದನ್ನು ಓದಿ ನನಗೆ ಬಹಳ ಸಿಟ್ಟು ಬಂದಿತ್ತು.

ಆದರೆ ಅದೇ ದಾಳಿ ಹೊರಗೆ ಬಂದದ್ದು ಹೇಗೆ ಅಂತ ಗೊತ್ತಾ? 2020ರ ಕೊನೆಗೆ ಸೈಬರ್ ಭದ್ರತೆಯ ಕೆಲಸ ಮಾಡುವ ಫೈರ್‌ಐ ಕಂಪನಿಯಲ್ಲಿ ಒಬ್ಬ ಉದ್ಯೋಗಿಯ ಖಾತೆಗೆ ಎರಡನೇ ಫೋನ್ ಒಂದು ನೋಂದಣಿಯಾಯಿತು. ಭದ್ರತೆಯವರು ಇದು ನಿಮ್ಮದಾ ಅಂತ ವಿಚಾರಿಸಿದರು. ಅಲ್ಲ, ನನ್ನದಲ್ಲ ಅಂತ ಉತ್ತರ ಬಂತು. ಅಲ್ಲಿಂದ ಎಳೆ ಹಿಡಿದು ಹೋದವರು ಸೋಲಾರ್‌ವಿಂಡ್ಸ್‌ನ ಬಾಗಿಲಿಗೆ ಮುಟ್ಟಿದರು. ಡಿಸೆಂಬರ್ 8ಕ್ಕೆ ಫೈರ್‌ಐ ತನ್ನ ಮನೆಗೇ ಕನ್ನ ಬಿದ್ದದ್ದನ್ನು ಹೊರಗೆ ಹೇಳಿತು, 13ಕ್ಕೆ ಉಳಿದದ್ದು ಬಯಲಾಯಿತು. ಆ ಉದ್ಯೋಗಿ ಹೆದರಿಕೊಂಡು, ಹೌದು ನನ್ನದೇ ಇರಬೇಕು ಅಂತ ಸುಮ್ನೆ ಹೇಳಿಬಿಟ್ಟಿದ್ದರೆ? ಅದೆಷ್ಟು ಸುಲಭ ಇತ್ತು ಅಲ್ವಾ? ಅವರ ಖಾತೆಯನ್ನೇ ಕಳ್ಳ ಬಳಸಿದ್ದು. ನಿನ್ನ ಹಾಗೇ ಅವರಿಗೂ ಎದೆ ಹೊಡೆದುಕೊಂಡಿರಬೇಕು.

ಫೋನ್ ಕರೆಯ ಸಾಫ್ಟ್‌ವೇರ್ ಮಾಡುವ 3ಸಿಎಕ್ಸ್ ಕಂಪನಿಯಲ್ಲೂ ಹೀಗೇ. 2023ರಲ್ಲಿ ಅದರ ಸಾಫ್ಟ್‌ವೇರಿಗೂ ವಿಷ ಸೇರಿದ್ದು ಬಯಲಾಯಿತು. ಅದಕ್ಕೂ ಮೊದಲೇ ಅದರ ಒಬ್ಬ ಉದ್ಯೋಗಿ ತನ್ನ ಸ್ವಂತ ಕಂಪ್ಯೂಟರಿಗೆ ಬೇರೆ ಕಂಪನಿಯ ಎಕ್ಸ್ ಟ್ರೇಡರ್ ಅನ್ನುವ, ವಿಷ ಸೇರಿದ್ದ ಸಾಫ್ಟ್‌ವೇರ್ ಹಾಕಿಕೊಂಡಿದ್ದೇ ಆರಂಭ ಅಂತ ಆಮೇಲೆ ಗೊತ್ತಾಯಿತು. ನಾನು ಓದಿದ ವರದಿಯಲ್ಲಿ ಆ ಉದ್ಯೋಗಿಯ ಹೆಸರಿರಲಿಲ್ಲ. ಅದನ್ನು ನೋಡಿ ಸಮಾಧಾನ ಆಯಿತು. ನಿನಗೂ ಆಗಲಿ ಅಂತ ಬರೆದೆ.

ಇನ್ನು ನೀನು ಮಾಡಬೇಕಾದ್ದು. ನಾನು ಈ ಕೆಲಸ ಬಿಟ್ಟು ಬಹಳ ವರ್ಷ ಆಯಿತು, ನಿಮ್ಮ ಭದ್ರತೆಯವರು ಬೇರೆ ಹೇಳಿದರೆ ಅವರ ಮಾತೇ ಕೇಳು. ಲ್ಯಾಪ್‌ಟಾಪನ್ನು ಅಳಿಸಿ ಹೊಸದಾಗಿ ಹಾಕಲು ಹೋಗಬೇಡ. ನಿನಗೆ ಮೊದಲು ಹಾಗೇ ಅನಿಸುತ್ತದೆ, ನನಗೆ ಬಿದ್ದ ಕಾಯಿ ಹೆಕ್ಕಬೇಕು ಅನಿಸಿದ ಹಾಗೆ. ಅದರಲ್ಲಿರುವ ಲಾಗ್, ಏನೇನು ನಡೆಯಿತು ಅನ್ನುವ ದಾಖಲೆ, ಅವರಿಗೆ ಬೇಕು. ನೆಟ್ ಮಾತ್ರ ಕಿತ್ತುಬಿಡು. ಟೋಕನ್‌ಗಳನ್ನು ರದ್ದು ಮಾಡುವುದು ಬೇರೆ ಮಷೀನಿನಿಂದ. ಹೇಳುವಾಗ ಕಥೆ ಬೇಡ. ಈ ದಿನ, ಇಷ್ಟು ಹೊತ್ತಿಗೆ, ಈ ಪ್ಯಾಕೇಜಿನ ಈ ಆವೃತ್ತಿ ಇಳಿಸಿದ್ದೇನೆ, ಆಗ ನನ್ನ ಮಷೀನಿನಲ್ಲಿ ಇಂಥಿಂಥ ಕೀಲಿಗಳಿದ್ದವು, ಅಷ್ಟು ಸಾಕು. ಯಾಕೆ ಎರಡು ದಿನ ತಡ ಅಂತ ಕೇಳಿದರೆ ಹೆದರಿದ್ದೆ ಅಂತ ಹೇಳು. ಅದು ಸುಳ್ಳಲ್ಲವಲ್ಲ.

ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶ ನೆನಪಿದೆಯಾ? ಇಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿ ವರದಿ ಕೊಡಬೇಕು. ನೀನು ಹೇಳದೆ ಇದ್ದರೆ ಅವರಿಗೆ ಗಮನಕ್ಕೆ ಬರುವುದಾದರೂ ಹೇಗೆ?

ಮುಂದಕ್ಕೆ ಬೇಕಾದರೆ ಒಂದೆರಡು ಮಾತು, ಈಗಲೇ ಓದಬೇಕೆಂದಿಲ್ಲ. ಯಾವ ಆವೃತ್ತಿ ಅಂತ ಬರೆದಿಡುವ ಲಾಕ್ ಫೈಲ್ ಇಟ್ಟುಕೊಂಡು, ಅದರಂತೆಯೇ ಇಳಿಸುವ ಎನ್‌ಪಿಎಂ ಸಿಐ ಬಳಸಿದರೆ, ನಿನಗೆ ಗೊತ್ತಿಲ್ಲದ ಹಾಗೆ ಹೊಸ ಆವೃತ್ತಿ ಇಳಿಯುವುದಿಲ್ಲ. ಇಗ್ನೋರ್-ಸ್ಕ್ರಿಪ್ಟ್ಸ್ ಹಾಕಿದರೆ ಇನ್‌ಸ್ಟಾಲ್ ಹೊತ್ತಿನ ಸ್ಕ್ರಿಪ್ಟುಗಳು ಓಡುವುದಿಲ್ಲ, ಕೆಲವು ಪ್ಯಾಕೇಜು ಮಾತ್ರ ತಕರಾರು ಮಾಡುತ್ತವೆ. ಹೊಸದು ಬಂತು ಅಂತ ಅವತ್ತೇ ಇಳಿಸದೆ ನಾಲ್ಕು ದಿನ ಬಿಟ್ಟು ಇಳಿಸು. ಇದೆಲ್ಲ ನಿನಗೆ ಗೊತ್ತಿರುವುದೇ ಇರಬೇಕು. ದೊಡ್ಡಪ್ಪ ಹಳೆಯ ಪಾಠ ಹೇಳುತ್ತಾನೆ ಅಂತ ಬೇಜಾರು ಮಾಡಿಕೊಳ್ಳಬೇಡ.

ಕೆಲಸ ಹೋದರೆ ಅಂತ ಒಂದು ಯೋಚನೆ ನಿನ್ನ ಮನಸ್ಸಿನಲ್ಲಿ ಇದ್ದೇ ಇದೆ. ನೀನು ಬರೆಯದಿದ್ದರೂ ನನಗೆ ಕಂಡಿತು. ಹಾಗೆ ಆಗುವುದಿಲ್ಲ ಅಂತ ಮಾತು ಕೊಡಲು ನನ್ನಿಂದ ಆಗುವುದಿಲ್ಲ. ಹೋದರೆ ಮನೆಗೆ ಬಾ. ಆ ಮೈಲುತುತ್ತದ ವಿಷಯ ಕೆಳಗಿನ ಮನೆಯವರಿಗೆ ಹೇಳುವುದು ಬಾಕಿ ಇದೆ. ಅತ್ತಿಗೆಯ ಮಗ ಈಗ ಅಲ್ಲೇ ಇದ್ದಾನೆ. ಇವತ್ತು ಸಂಜೆ ಹೋಗಿ ಹೇಳಿ ಬರುತ್ತೇನೆ. ನೀನು ಅಲ್ಲಿ ಹೇಳು, ನಾನು ಇಲ್ಲಿ ಹೇಳುತ್ತೇನೆ.

ಮಳೆ ಜೋರಿದೆ. ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ. ರಾತ್ರಿ ಎಂಟು ಗಂಟೆಗೆ ಕೊಡೆ ಹಿಡಿದು ಅಲ್ಲೇ ನಿಂತಿರುತ್ತೇನೆ. ಫೋನ್ ಮಾಡು.

ನಿನ್ನ
ದೊಡ್ಡಪ್ಪ